ಸಿದ್ಧವಾಗಿದೆ, ಇಂದೇ ಬನ್ನಿ

ಬಾಗಿಲಲ್ಲಿ ಮೊದಲ ಗಿರಾಕಿ ಕಂಡಾಗ 'ನಾಳೆ ಮಾಸ್ಟರ್‌'ನ ತುಟಿಗಳ ನಡುವಿನ ಗುಂಡುಸೂಜಿಗಳು ಅಲ್ಲಾಡಿದವು. ಹತ್ತನೆಯವನು ಕಂಡಾಗ ಅವನ್ನು ನುಂಗಿಬಿಡುವುದೇ ವಾಸಿ ಎನಿಸಿತು.

ದರ್ಜಿಗೆ ಆ ಹೆಸರಿಟ್ಟದ್ದು ಊರೇ. ಅಂಥ ಕೈ ಏಳು ಸಮುದ್ರದಾಚೆಗೂ ಇರಲಿಲ್ಲ. ಅವನು ಹೊಲಿದ ಅಂಗಿ ತೊಟ್ಟರೆ ಗೂನು ಬೆನ್ನೂ ನೆಟ್ಟಗಾಗುತ್ತಿತ್ತು. ಆದರೆ ಯಾವಾಗ ಕೊಡುತ್ತೀಯೆಂದರೆ ಸೂಜಿ ಕಚ್ಚಿಕೊಂಡೇ "ನಾಳೆ" ಎನ್ನುತ್ತಿದ್ದ. ತೊಟ್ಟಿಲ ಕೂಸಿನ ಅಂಗಿ ಅದರ ಮದುವೆಗೆ ಸಿಕ್ಕರೆ ಪುಣ್ಯ. ಎದುರಿಗೆ ಸಿದ್ಧ ಉಡುಪಿನ ಅಂಗಡಿ ಬಂದು ದಿನಕ್ಕೆರಡು ಸಲ ಊರವರ ಫೋನಿಗೆಲ್ಲ ಸಂದೇಶ ಕಳಿಸತೊಡಗಿದ ಮೇಲಂತೂ ಮಾಸ್ಟರ್‌ನ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಹೀಗೇ ಇನ್ನೊಂದು ತಿಂಗಳು ಕಳೆದರೆ ಬಾಗಿಲು ಹಾಕುವುದೇ.

"ನಾವೂ ಕಳಿಸೋಣಪ್ಪ," ಎಂದಿದ್ದಳು ಮಗಳು ಬೆಳಿಗ್ಗೆ. "ಇನ್ಮೇಲೆ ಹೇಳಿದ ದಿನಕ್ಕೆ ಕೊಡ್ತೀವಿ ಅಂತ."

"ಅದನ್ನ ಯಾವ ಪುಣ್ಯಾತ್ಮ ನಂಬ್ತಾನೆ? 'ನಿಮ್ಮ ಬಟ್ಟೆ ಸಿದ್ಧವಾಗಿದೆ, ಇಂದೇ ಬನ್ನಿ' ಅಂತ ಹಾಕು. ಎದ್ದುಬಿದ್ದು ಓಡಿಬರ್ತಾರೆ. ಆಮೇಲೆ ಮಾತಲ್ಲಿ ಕೆಡವೋದು ನನಗೆ ಬಿಡು."

"ಬಟ್ಟೇನೇ ಕೊಡದವರು ಬೈಯಲ್ವಾ?"

"ಬೈಯೋಕಾದ್ರೂ ಬರ್ಲಿ!"

ಹಳೆಯ ಆರು ಅಳತೆ ಪುಸ್ತಕಗಳಲ್ಲಿದ್ದ ನಂಬರಿಗೆಲ್ಲ ಸಂದೇಶ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಬಂದು ನಿಂತಿತ್ತು.

"ನಾನು ಬಟ್ಟೆ ಕೊಟ್ಟೇ ಇಲ್ಲ, ಹೊಲಿದೂಬಿಟ್ರಾ?" ಎಂದ ಪಕ್ಕದ ಕ್ಷೌರಿಕ. "ಅಂತೂ ಜೀವನದಲ್ಲಿ ಒಂದ್ಸಲ ಮುಂಚೆ ಮುಗಿಸಿದ್ರಿ ಬಿಡಿ!"

ಎಲ್ಲರೂ ನಕ್ಕರು. ಮಾಸ್ಟರ್ ಕೂಡ ನಗಲು ಹೊರಟ. ಅಷ್ಟರಲ್ಲಿ ಗುಂಪನ್ನು ಸರಿಸಿಕೊಂಡು ಊರ ಆಸ್ಪತ್ರೆಯ ನರ್ಸಮ್ಮ ಬಂದರು. ಕೈಯಲ್ಲಿ ಕೋಟು ಹೊಲಿಯಲು ಕೊಟ್ಟ ನಾಲ್ಕು ವರ್ಷದ ಹಿಂದಿನ ಚೀಟಿ.

ಮಾಸ್ಟರ್‌ನ ಕಣ್ಣು ಗುಂಡಿಗಳ ಪೆಟ್ಟಿಗೆಯತ್ತ ಹೊರಳಿತು. ಹಡಗಿನಲ್ಲಿ ಕೆಲಸಕ್ಕಿದ್ದ ನರ್ಸಮ್ಮನ ತಮ್ಮ ತಂದುಕೊಟ್ಟ ನೀಲಿ ಉಣ್ಣೆ ಬಟ್ಟೆ ಅದು. ಅಳತೆ ಪುಸ್ತಕ ನೋಡದೆ, ನೆನಪಿನ ಜಂಬದಲ್ಲಿ ಕತ್ತರಿ ಆಡಿಸಿದ್ದ. ಎಡತೋಳು ನಾಲ್ಕು ಬೆರಳು ಗಿಡ್ಡವಾಗಿತ್ತು. ಒಂದು ಚೂರೂ ಉಳಿದಿರಲಿಲ್ಲ. ಅಂದಿನಿಂದ ತೋಳು ಕೂಡಿಸದ ಆ ಕೋಟು ಗಂಟಾಗಿ ಗುಂಡಿಗಳ ಪೆಟ್ಟಿಗೆಯ ಕೆಳಗೆ ಅಡಗಿತ್ತು. ನರ್ಸಮ್ಮ ಕೇಳಿ ಕೇಳಿ ಸುಸ್ತಾಗಿ ಬರುವುದನ್ನೇ ಬಿಟ್ಟಿದ್ದರು.

"ಮುಂದಿನ ವಾರ ನಿವೃತ್ತಿ ಮಾಸ್ಟ್ರೇ. ಸಮಾರಂಭಕ್ಕೆ ಹಾಕ್ಕೋಬಹುದು ಅಂತ ಓಡಿಬಂದೆ. ಕೊಡಿ, ನೋಡೋಣ."

'ನಾಳೆ' ಎಂಬುದು ನಾಲಿಗೆಯ ತುದಿಗೆ ಬಂತು. ಮಗಳು ಅವನನ್ನೇ ನೋಡುತ್ತಿದ್ದಳು. ಕ್ಷೌರಿಕನೂ ನಗು ನಿಲ್ಲಿಸಿದ್ದ. ಮಾಸ್ಟರ್ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ.

"ಸಿದ್ಧ ಆಗಿಲ್ಲಮ್ಮ. ಎಡತೋಳು ಗಿಡ್ಡ ಕತ್ತರಿಸ್ಬಿಟ್ಟೆ. ಅವತ್ತೇ ಗೊತ್ತಿತ್ತು ನನಗೆ."

ಪೆಟ್ಟಿಗೆ ಸರಿಸಿ ಗಂಟು ಬಿಚ್ಚಿದ. ನರ್ಸಮ್ಮ ಎರಡೂ ತೋಳುಗಳನ್ನು ಮೇಜಿನ ಮೇಲೆ ಜೋಡಿಸಿ, ಸುಕ್ಕು ಸವರಿ, ಬೆರಳಿಟ್ಟು ಅಂತರ ಅಳೆದರು.

"ಮೂವತ್ತು ಸಲ ತಿರುಗಿದ್ದೀನಿ."

"ಮೂವತ್ತೊಂದು," ಎಂದ ಮಾಸ್ಟರ್.

ಅವರು ಉದ್ದ ತೋಳನ್ನು ಗಿಡ್ಡದರ ಮಟ್ಟಕ್ಕೆ ಮಡಚಿದರು. "ಎರಡನ್ನೂ ಇಲ್ಲಿಗೇ ನಿಲ್ಲಿಸಿ. ಮೂವತ್ತಾರು ವರ್ಷ ತೋಳು ಮಡಚ್ಕೊಂಡೇ ದುಡಿದಿದ್ದೀನಿ. ಯಾವಾಗ ಕೊಡ್ತೀರಿ?"

ಮಾಸ್ಟರ್ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟ.

"ಗುರುವಾರ. ಸಂಜೆ ನಾಲ್ಕಕ್ಕೆ."

ನರ್ಸಮ್ಮ ಸ್ಟೂಲನ್ನು ಯಂತ್ರದ ಪಕ್ಕಕ್ಕೆ ಎಳೆದುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟು ಕೂತರು. "ತೋಳು ಕೂಡಿಸೋದನ್ನ ನೋಡ್ಕೊಂಡೇ ಹೋಗ್ತೀನಿ."

ಮಾಸ್ಟರ್ ನೀಲಿ ದಾರ ಹುಡುಕಿ ತುದಿಯನ್ನು ಹೊಸೆದ. ಮೊದಲ ಸಲ ಅದು ಸೂಜಿಯ ಕಣ್ಣು ತಪ್ಪಿತು. ಎರಡನೆಯ ಸಲವೂ ತಪ್ಪಿತು. ಬಾಗಿಲಲ್ಲಿ ನಿಂತವರು ಒಬ್ಬರೂ ಕದಲಲಿಲ್ಲ.