ಗುಡ್ಡದ ಹಂಡೆ

ಹಂಡೆಯ ತಳದಿಂದ ಒಂದು ಗುಳ್ಳೆ ಎದ್ದಿತು, ಇನ್ನೊಂದು, ಕಾಯ್ತಾ ಇದೆ, ಬರೀ ನೀರು, ಉಪ್ಪು ಹಾಕಿದ್ದೀನಿ ಅಷ್ಟೆ — ಲಿಮಾ ಪಟ್ಟಣ ಕೆಳಗೆ ಮಂಜಿನಲ್ಲಿ ಎಲ್ಲೋ ಇದೆ, ಕಾಣಿಸ್ತಿಲ್ಲ, ಈ ರೋಗ ಬಂದು ಎಲ್ಲ ಮುಚ್ಚಿದ ಮೇಲೆ ನಮ್ಮ ಕೂಲಿಯೂ ಹಾಗೇ, ಎಲ್ಲೋ ಇದೆ, ಕಾಣಿಸಲ್ಲ. ಗುಡ್ಡದ ನಲವತ್ತು ಮನೆಗೆ ಇದೊಂದೇ ಹಂಡೆ, ಸತುರ್ನಿನಾ ಬಡಿಸಿದ್ರೆ ಯಾರಿಗೂ ಕಮ್ಮಿ ಬೀಳಲ್ಲ ಅಂತ ಸೌಟು ನನ್ನ ಕೈಗೆ ಕೊಟ್ಟವರು ಆ ಮನೆಗಳವರೇ. ನಿನ್ನೆ ಕೊನೇ ಕುಂಬಳಕಾಯಿ ಸಿಪ್ಪೆ ಸಮೇತ ಬೆಂದುಹೋಯ್ತು. ಇವತ್ತು ಒಲೆ ಹಚ್ಚೋದು ಬೇಡ ಅಂದೆ, ಅತ್ತೆ ಕೇಳಲಿಲ್ಲ, ಮುರಿದ ಹಣ್ಣಿನ ಪೆಟ್ಟಿಗೆಯ ಹಲಗೆ ತಾವೇ ತುರುಕಿದರು, ಹಚ್ಚೇ, ತಣ್ಣಗಿರೋ ಒಲೆ ನೋಡಿದ್ರೆ ಇವರದು ಊಟ ಆಗಿದೆ ಅಂದ್ಕೊಂಡು ದೇವರು ಮುಂದಿನ ಮನೆಗೆ ಹೋಗ್ಬಿಡ್ತಾನೆ. ಎಂಬತ್ತು ವರ್ಷದ ಹೆಂಗಸು, ಹೊಗೆಗೆ ಕಣ್ಣೊರೆಸಿಕೊಳ್ತಾ ನಗ್ತಾರೆ, ನನಗೆ ಎಲ್ಲಿಂದ ಬರಬೇಕು ಆ ನಗು, ಆದರೂ ಕೇಳಿದೆ, ಕರ್ತನೇ, ಏನಾದರೂ ಕಳಿಸು, ಒಂದು ಚೀಲ ಅಕ್ಕಿ, ಒಂದು ಚೀಲ — ಚೀಲ ಅನ್ನಬಾರದಿತ್ತು. ನನ್ನ ಮಂಚದ ಕೆಳಗೆ ಒಂದಿದೆ. ಮೂರು ವಾರದಿಂದ ಇದೆ, ಹಳೇ ಕಂಬಳಿ ಮುಚ್ಚಿ ಇಟ್ಟಿದ್ದೀನಿ, ಅಣ್ಣ ಬೆಟ್ಟದ ಮೇಲಿನ ನಮ್ಮೂರಿಂದ ಆಲೂಗಡ್ಡೆ ಲಾರಿಯಲ್ಲಿ ಕಳಿಸಿದ ಚೂನ್ಯೋ, ಹಿಮದಲ್ಲಿ ಹಾಸಿ, ಬರಿಗಾಲಲ್ಲಿ ತುಳಿದು, ಬಿಸಿಲಿಗೆ ಒಣಗಿಸಿದ ಆಲೂಗಡ್ಡೆ, ಕಪ್ಪಗೆ, ಹಗುರವಾಗಿ, ವರ್ಷಗಟ್ಟಲೆ ಕೆಡೋದಿಲ್ಲ. ಮಗಳು ನೆಲಿದಾಳ ಬಾಣಂತನಕ್ಕೆ ಅಂದಿದ್ದ ಅಣ್ಣ, ಅವಳಿಗೆ ಏಳು ತಿಂಗಳು, ಅವಳ ಗಂಡ ಕಾಡಿನ ಕಡೆ ಕೆಲಸಕ್ಕೆ ಹೋದವನು ದಾರಿ ಮುಚ್ಚಿ ಅಲ್ಲೇ ಸಿಕ್ಕಿಬಿದ್ದಿದ್ದಾನೆ, ಮಗಳಿಗೆ ಇಟ್ಟದ್ದು ಕಳ್ಳತನವಾ, ಯಾವ ತಾಯಿ ಇಡಲ್ಲ ಹೇಳು, ಯಾರಿಗೆ ಹೇಳ್ತಿದ್ದೀನಿ ನಾನು. ಅಷ್ಟರಲ್ಲಿ ಎಲೆಉತೇರಿಯೋ ತಾತ ಬಂದ, ಮೂಟೆ ಹೊತ್ತೂ ಹೊತ್ತೂ ಬೆನ್ನು ಬಗ್ಗಿದವನು, ಈಗ ಕಣ್ಣೂ ಇಲ್ಲ, ಕೋಲಿನಿಂದ ಕಲ್ಲು ತಡಕಿ ಕೂತ, ತಟ್ಟೆ ಮಡಿಲಲ್ಲಿ ಇಟ್ಟುಕೊಂಡ, ಹೊಗೆ ವಾಸನೆ ಬಂತು ಮಗಳೇ, ಅವಸರ ಇಲ್ಲ, ನಿಧಾನ ಮಾಡು. ಅವಸರ ಇಲ್ಲವಂತೆ.

ಮನೆಗೆ ಹೋದೆ, ಕಾಲು ತಾನೇ ಹೋಯ್ತು, ಚೀಲ ಎಳೆದಾಗ ಸದ್ದಾಗಿ ನೆಲಿದಾ ಎದ್ದು ಕೂತಳು, ಅಮ್ಮ, ಅದು ನನಗೆ ಅಂದಿದ್ದೆಯಲ್ಲ. ಹೌದು ಕಂದ. ಅವಳು ಹೊಟ್ಟೆ ಮೇಲೆ ಕೈ ಇಟ್ಟು ನನ್ನನ್ನೇ ನೋಡ್ತಾ ಇದ್ದಳು, ಹೊರಗೆ ತಟ್ಟೆಗಳ ಸದ್ದು, ಒಬ್ಬೊಬ್ಬರೇ ಬರ್ತಿದ್ದಾರೆ. ಆಮೇಲೆ ಬಗ್ಗಿ ಚೀಲದ ತುದಿ ಹಿಡಿದಳು, ಬಿಡೇ, ಭಾರ ಎತ್ತಬೇಡ, ಹುಚ್ಚಿ, ಎರಡು ಹಿಡಿ ನಿನಗೆ ತೆಗೆದಿಡ್ತೀನಿ, ಬೇಡಮ್ಮ, ಹಂಡೆಯಿಂದ ನನಗೂ ಬರುತ್ತಲ್ಲ. ನೆನೆಹಾಕೋಕೆ ಹೊತ್ತಿಲ್ಲ, ಕಲ್ಲಲ್ಲಿ ಕುಟ್ಟಿ ಹಿಟ್ಟು ಮಾಡಿದೆವು, ಇಬ್ಬರೂ, ಕೈ ಕಪ್ಪಾಯ್ತು, ದೇವರು ತಡ ಮಾಡ್ತಾನೆ ಅಂತ ಬೆಳಗಿನಿಂದ ಗೊಣಗಿದ್ದೆ, ಅವನು ಮೂರು ವಾರದ ಹಿಂದೆಯೇ ಲಾರಿ ಹತ್ತಿಸಿ ಕಳಿಸಿದ್ದ, ನಾನು ಕಂಬಳಿ ಮುಚ್ಚಿದ್ದೆ. ಹಿಟ್ಟು ಸುರಿದಾಗ ನೀರು ಕುದೀತಾ ಇತ್ತು, ಸಿದ್ಧವಾಗಿತ್ತು, ಅತ್ತೆ ಎಲ್ಲಿಂದ ತಂದೆ ಅಂತ ಕೇಳಲೇ ಇಲ್ಲ, ಸೌಟು ತಿರುವಿ, ಗಂಟು ಬೀಳ್ತಿದೆ ನೋಡು, ಅಷ್ಟೇ ಅಂದರು. ನಾಳೆ? ನಾಳೆಗೆ ಏನೂ ಇಲ್ಲ, ನಾಳೆಯೂ ಹಲಗೆ ತುರುಕ್ತಾರೆ ಅತ್ತೆ, ನಾನೂ ಹಚ್ತೀನಿ. ಮೊದಲ ಸೌಟು ತಾತನಿಗೆ. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡ, ನುಂಗಲಿಲ್ಲ, ಅವನೂ ಬೆಟ್ಟದವನಲ್ಲವಾ, ಐವತ್ತು ವರ್ಷವಾಯ್ತಂತೆ ಊರು ಬಿಟ್ಟು, ಈ ರುಚಿ ಬಿಟ್ಟು, ಆಮೇಲೆ ನುಂಗಿದ, ಮೆಲ್ಲಗೆ ಉಣ್ಣೆ ಟೋಪಿ ತೆಗೆದ, ಇಗರ್ಜಿಯೊಳಗೆ ತೆಗೆಯೋ ಹಾಗೆ, ಸಾಲು ನಿಂತಿದೆ, ನನ್ನ ಸೌಟು ನಿಂತಿದೆ, ಮುಂದಿನವರಿಗೆ ಬಡಿಸಬೇಕು, ಬೋಳುತಲೆಯ ಮೇಲೆ ಸಣ್ಣ ಮಂಜು ಕೂರ್ತಿದೆ, ಟೋಪಿ ಮೊಣಕಾಲ ಮೇಲೆ, ಆ ಟೋಪಿ, ಮೊಣಕಾಲ ಮೇಲೆ —