ಸಂಜೆಯ ಬಸ್ಸಿನ ಪರವಾಗಿ ಒಂದು ಅಂಕಣ

ಎದುರಾಳಿಯ ವಾದವನ್ನೇ ಮೊದಲು ಗಟ್ಟಿಯಾಗಿ ಹೇಳಿ, ಆಮೇಲೆ ಮುರಿಯಿರಿ ಎಂದು ಬಳ್ಳಾರಿಯ ಅಂಕಣ ಬರಹದ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಕುರುಗೋಡಿನ ಗೌತಮಿ ಹಾಗೆಯೇ ಬರೆದಳು. ಊರಿಗೆ ಬರುವ ಸಂಜೆಯ ಬಸ್ಸು ಖಾಲಿ ಓಡುತ್ತದೆ, ನಿಲ್ಲಿಸುವುದೇ ಲೇಸು ಎಂಬ ಅಧಿಕಾರಿಗಳ ಮಾತು ಮೊದಲರ್ಧ. ಅದಿಲ್ಲದಿದ್ದರೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ತನ್ನಂಥವರು ಮನೆ ಸೇರುವುದು ಹೇಗೆ ಎಂಬುದು ಉಳಿದರ್ಧ. ಜಾಹೀರಾತಿಗೆ ಜಾಗ ಬೇಕೆಂದು ಪತ್ರಿಕೆಯವರು ಕೆಳಗಿನರ್ಧ ಕತ್ತರಿಸಿ ಅಚ್ಚು ಹಾಕಿದರು.

ಮರುದಿನ ಸಂಜೆ, ಉಸಿರಾಡಲೂ ಜಾಗವಿಲ್ಲದ ಅದೇ ಬಸ್ಸಿನಲ್ಲಿ, ಕಂಡಕ್ಟರ್ ಉಚ್ಚೆಂಗೆಪ್ಪ ಗೌತಮಿಯ ಬಳಿಗೆ ನುಸುಳಿಕೊಂಡು ಬಂದ.

“ಏನ್ ಬರದೀಯವ್ವಾ! ಸಾಹೇಬ್ರು ಓದಿ, ನಾಳಿಂದ ಬಸ್ ಬಂದ್ ಅಂದ್ರು.”

“ಅಯ್ಯೋ ಅಣ್ಣಾ, ನಿಲ್ಲಿಸಬ್ಯಾಡ್ರಿ ಅಂತ ಬರದಿದ್ದನ್ನ ಅವರು ಹಾಕೇ ಇಲ್ಲ!”

“ಹಾಕಿದ್ದೇ ಸಾಕಾತು ಬಿಡವ್ವಾ. ಬಸ್ಸು ಖಾಲಿ ಅಂತ ಓದಿ ನನಗೂ ಖರೇ ಅನ್ನಿಸ್ತು. ಸ್ವಲ್ಪ ಒಳಗ ಸರಿ, ಇನ್ನೂ ಮಂದಿ ಹತ್ತಬೇಕು.”