ಮೂರೂವರೆಯ ಹನ್ನೆರಡು ನಿಮಿಷ

ಹೃದಯದ ಆಪರೇಷನ್ ಆದವರು ವ್ಯಾಯಾಮ ಮಾಡುವ ಹಾಲ್‌ನಲ್ಲಿ ನನ್ನ ಹೆಂಡತಿ ತರಬೇತಿ ಕೊಡುತ್ತಾಳೆ. ಅಲ್ಲಿ ಎಲ್ಲರೂ ಎದೆಗೆ ಕಟ್ಟಿಕೊಳ್ಳುವ ಸೆನ್ಸರ್ ಬೆಲ್ಟು ನಾನು ಮಾಡಿದ್ದು. ಎರಡು ಬೆಲ್ಟು ತೀರಾ ಹತ್ತಿರ ಬಂದರೆ ಜಗಳಗಂಟಿ ಓರಗಿತ್ತಿಯರ ಹಾಗೆ ಒಟ್ಟಿಗೆ ಬಾಯಿ ಮಾಡುತ್ತವೆ, ಕಂಪ್ಯೂಟರಿಗೆ ಒಂದರ ಮಾತೂ ಕೇಳುವುದಿಲ್ಲ. ಅವು ಸರದಿಯಂತೆ ಮಾತಾಡುವ ಹಾಗೆ ಮಾಡುವುದು ನನ್ನ ಕೆಲಸ. ಯಾವ ಬೆಲ್ಟು ಯಾವುದಕ್ಕೆ ಅಡ್ಡ ಬಂತು, ಎಷ್ಟು ಹೊತ್ತು ಎಂಬ ಪಟ್ಟಿ ದಿನಾ ನನಗೆ ಬರುತ್ತಿತ್ತು, ಅದು ಅವಳಿಗೂ ಗೊತ್ತಿತ್ತು.

ಅದರಲ್ಲಿ ಕಂಡಿತು: ಪ್ರತಿ ಮಧ್ಯಾಹ್ನ ಮೂರೂವರೆಗೆ ನಾಲ್ಕು ಮತ್ತು ಒಂಬತ್ತು, ಹನ್ನೆರಡು ನಿಮಿಷ. ನಾಲ್ಕು ನನ್ನ ಹೆಂಡತಿ. ಒಂಬತ್ತು ಆಪರೇಷನ್ ಆದ ಒಬ್ಬ ದರ್ಜಿ, ಹಾಲ್‌ನಲ್ಲಿ ಎಲ್ಲರನ್ನೂ ನಗಿಸುವವನು. ಅವನ ಜೋಕುಗಳನ್ನು ಅವಳು ಮನೆಗೂ ತರುತ್ತಿದ್ದಳು. ನನ್ನ ಜೋಕಿಗೆ ಅವಳು ನಕ್ಕು ಎರಡು ವರ್ಷವಾಗಿತ್ತು. ಒಂದು ಮೊಳದೊಳಗೆ ಬಂದರೆ ಮಾತ್ರ ಅಷ್ಟು ಅಡ್ಡಿ ಆಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಮಧ್ಯಾಹ್ನ ಬಿಡುವಲ್ಲಿ ಏನ್ ಮಾಡ್ತೀಯ?" ಎಂದು ಕೇಳಿದೆ.

"ಏನಿಲ್ಲ, ಸುಮ್ನೆ ಕೂತಿರ್ತೀನಿ."

ಆ 'ಸುಮ್ನೆ' ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು.

ಬೆಲ್ಟುಗಳನ್ನು ಸರದಿಗೆ ತರುವ ಪ್ರೋಗ್ರಾಂ ಆಗಲೇ ಸಿದ್ಧವಾಗಿತ್ತು. ಹಾಕಿದರೆ ಪಟ್ಟಿ ಖಾಲಿಯಾಗುತ್ತದೆ, ಅವರಿಬ್ಬರ ಮೇಲೆ ಕಣ್ಣಿಡಲು ನನಗೆ ಬೇರೆ ದಾರಿ ಇರಲಿಲ್ಲ. ಪರೀಕ್ಷೆ ಬಾಕಿಯಿದೆ ಎಂದು ಸಾಹೇಬರಿಗೆ ಸುಳ್ಳು ಹೇಳಿ ವಾರ ತಳ್ಳಿದೆ. ಆ ವಾರವೇ ಒಬ್ಬ ಅಜ್ಜಿ ತಲೆ ತಿರುಗಿ ಬಿದ್ದರು. ಅವರ ಬೆಲ್ಟು ಕೊಟ್ಟ ಎಚ್ಚರಿಕೆ ಪಕ್ಕದವರ ಬೆಲ್ಟಿನ ಗದ್ದಲದಲ್ಲಿ ಮುಳುಗಿಹೋಗಿತ್ತು. ನನ್ನ ಹೆಂಡತಿ ಓಡಿಬಂದು ಹಿಡಿದುಕೊಂಡದ್ದರಿಂದ ಪೆಟ್ಟಾಗಲಿಲ್ಲ. ಅಷ್ಟಾದರೂ ನಾನು ಪ್ರೋಗ್ರಾಂ ಹಾಕಲಿಲ್ಲ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ.

ಮರುದಿನ ಮೂರೂವರೆಗೆ ನಾನೇ ಹೋದೆ. ಬಾಗಿಲ ಪಕ್ಕ ಬೆಲ್ಟುಗಳನ್ನು ಚಾರ್ಜಿಗಿಡುವ ಗೂಡು. ಮೇಲಿನ ಸಾಲಿನಲ್ಲಿ ಒಂದರಿಂದ ಐದು, ಕೆಳಗೆ ಆರರಿಂದ ಹತ್ತು. ನಾಲ್ಕರ ಕೆಳಗೆ ಒಂಬತ್ತು. ಆ ಹೊತ್ತಿಗೆ ಗೂಡಿನಲ್ಲಿದ್ದದ್ದು ಅವೆರಡೇ, ಅಲ್ಲೇ ಮಿನುಗುತ್ತ ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಬಿಚ್ಚಿಟ್ಟ ಮೇಲೂ ಬೆಲ್ಟು ಹನ್ನೆರಡು ನಿಮಿಷ ಸುಮ್ಮನಾಗದ ಹಾಗೆ ಬರೆದವನು ನಾನೇ.

ನಾಚಿಕೆಯಾಗಬೇಕಿತ್ತು. ಆದರೆ ನನಗೆ ಹೊಳೆದದ್ದು ಬೇರೆ: ಎರಡೂ ಬೆಲ್ಟು ಇಲ್ಲಿದ್ದರೆ ಅವರಿಬ್ಬರೂ ಎಲ್ಲಿ?

ಹಿಂಬಾಗಿಲು ತಳ್ಳಿದೆ. ಮೆಟ್ಟಿಲ ಮೇಲೆ ಹೆಂಡತಿ ಒಬ್ಬಳೇ ಶೂ ಬಿಚ್ಚಿ, ಊದಿದ ಪಾದ ತಿಕ್ಕಿಕೊಳ್ಳುತ್ತ ಕೂತಿದ್ದಳು.

"ಆ ದರ್ಜಿ ಎಲ್ಲಿ?" ಬಾಯಿ ಜಾರಿತು.

"ಅವ್ರ ಮಗಳು ಬಂದು ಕರ್ಕೊಂಡು ಹೋದ್ಲು." ಅವಳು ನನ್ನ ಮುಖವನ್ನೇ ನೋಡಿದಳು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಪ್ರೋಗ್ರಾಂ ಹೋದ ವಾರಾನೇ ಮುಗೀತು ಅಂದಿದ್ರಿ. ಪಟ್ಟಿ ನೋಡಿ ನಮ್ಮನ್ನ ಕಾಯೋಕೇನಾ ಹಾಕ್ದೆ ಇಟ್ಕೊಂಡಿದ್ದು? ಆ ಅಜ್ಜಿ ಬಿದ್ರಲ್ರೀ."



ಅಂದೇ ಪ್ರೋಗ್ರಾಂ ಹಾಕಿದೆ, ಅಡ್ಡಿ ನಿಂತಿತು. ಅವಳು ಬೈಯಲಿಲ್ಲ, ಅಳಲಿಲ್ಲ. ಈಗ ದಿನಾ ಸಂಜೆ ಚಪ್ಪಲಿ ಬಿಡುವ ಮೊದಲೇ, ನಾನು ಕೇಳದಿದ್ದರೂ, ಪಾಠ ಒಪ್ಪಿಸುವವಳ ಹಾಗೆ ಹೇಳುತ್ತಾಳೆ: "ಒಂದು ಗಂಟೆಗೆ ನರ್ಸಮ್ಮನ ಜೊತೆ ಊಟ. ಆಮೇಲೆ ಮೆಟ್ಟಿಲ ಮೇಲೆ, ಒಬ್ಳೇ. ಬಸ್ಸಲ್ಲಿ ಪಕ್ಕದಲ್ಲಿ ಒಂದು ಮುದುಕಿ."

ಸಾಕು ಮಾಡು ಎನ್ನಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ. ಅನ್ನುವುದಿಲ್ಲ. ಕೊನೆಯವರೆಗೂ ಕಿವಿಗೊಟ್ಟು ಕೇಳುತ್ತೇನೆ.